ಗುಂಡಿಯಕ್ಕನ ದಂಡು

ಆ ಊರಿನಲ್ಲಿ ಯಾರ ಮೈಮೇಲೆ ಸಮವಸ್ತ್ರ ಕಂಡರೂ ಅದನ್ನು ಹೊಲಿದವಳು ಗುಂಡಿಯಕ್ಕ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಆಸ್ಪತ್ರೆಯ ನರ್ಸುಗಳು, ಬಸ್ ಕಂಡಕ್ಟರುಗಳು, ಬ್ಯಾಂಡಿನವರು, ಹೋಟೆಲಿನ ಬಾಗಿಲಲ್ಲಿ ನಿಂತು ಸಲಾಮು ಹೊಡೆಯುವವರು, ಎಲ್ಲರ ಎದೆ, ಸೊಂಟ, ತೋಳಿನ ಅಳತೆಗಳು ಅವಳ ಉದ್ದನೆಯ ಪುಸ್ತಕದಲ್ಲಿದ್ದವು. ಹದಿನೇಳನೇ ವಯಸ್ಸಿನಲ್ಲಿ ದೊಡ್ಡ ಟೈಲರ್ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಕುಳಿತು ಆರು ವರ್ಷ ಬರೀ ಗುಂಡಿ ಹಾಕಿದ್ದಳು. ಹೆಸರು ಆಗ ಅಂಟಿಕೊಂಡದ್ದು. ಆಮೇಲೆ ಸ್ವಂತ ಅಂಗಡಿ ಇಟ್ಟು ಬೋರ್ಡಿನ ಮೇಲೆ ಚೆಂದದ ಹೆಸರು ಬರೆಸಿದಳು. ಅದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಪಕ್ಕದ ಮಳಿಗೆಯಲ್ಲಿ ಗಂಡನ ಲಾಂಡ್ರಿ. ನಡುಗೋಡೆಯಲ್ಲಿ ಒಂದು ಕಿಂಡಿ. ಅದರಲ್ಲಿ ಬಟ್ಟೆಗಳು ಆಚೆಯಿಂದ ಈಚೆಗೆ ಬರುತ್ತಿದ್ದವು, ಟೀ ಲೋಟ ಈಚೆಯಿಂದ ಆಚೆಗೆ ಹೋಗುತ್ತಿತ್ತು, ಜಗಳ ಎರಡೂ ಕಡೆಯಿಂದ ಓಡಾಡುತ್ತಿತ್ತು. ದಿನವಿಡೀ ಯಾರಾದರೂ ಅವಳನ್ನು ಕರೆಯುತ್ತಲೇ ಇರುತ್ತಿದ್ದರು. ಅಕ್ಕಾ ಒಂದು ಗುಂಡಿ, ಅಕ್ಕಾ ಜಿಪ್ಪು ಕೆಟ್ಟಿದೆ, ಲೇ ಇವಳೇ ಆ ನೀಲಿ ಕೋಟು ಎಲ್ಲಿ. ಮಧ್ಯಾಹ್ನ ಮೂರರ ಹೊತ್ತಿಗೆ ಮಾತ್ರ ಬೀದಿ ಸ್ವಲ್ಪ ತೂಕಡಿಸುತ್ತಿತ್ತು. ಆಗ ಅವಳು ಒಂದೇ ಸಮನೆ ಮಷೀನು ತುಳಿಯುತ್ತ, ಆ ಸದ್ದಿನಲ್ಲಿ ತಾನೊಂದು ರೈಲಿನಲ್ಲಿ ಕುಳಿತಂತೆ, ಕಿಟಕಿಯಾಚೆ ಹೆಸರಿಲ್ಲದ ಬಯಲುಗಳು ಹಿಂದೆ ಸರಿದಂತೆ ನೆನೆಸಿಕೊಳ್ಳುತ್ತಿದ್ದಳು. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಕೇಳಿಕೊಂಡಿರಲಿಲ್ಲ. ಐವತ್ತೊಂದು ತುಂಬಿತ್ತು, ಕೇಳಿಕೊಳ್ಳಲು ಪುರುಸೊತ್ತೂ ಇರಲಿಲ್ಲ.

ಅಂಥದ್ದೇ ಒಂದು ಮೂರು ಗಂಟೆಗೆ ಬ್ಯಾಂಕಿನ ಗುಮಾಸ್ತ ಬಂದ. ಎರಡನೇ ಕೌಂಟರಿನವನು. ಅವನು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದನೆಂದರೆ ಗಾಜಿಗೆ ಕಿವಿ ಒತ್ತಿಯೇ ಕೇಳಿಸಿಕೊಳ್ಳಬೇಕಿತ್ತು. ಚೀಲದಿಂದ ಹಸಿರು ಕಂದು ಮಚ್ಚೆಗಳ ಪ್ಯಾಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟು ಕೆಂಪಾದ. ಕಾಲುಗಳ ನಡುವೆ ಅದು ಈ ಕಡೆಯಿಂದ ಆ ಕಡೆಯವರೆಗೆ ಹರಿದಿತ್ತು.

"ಅಕ್ಕಾ, ಇದನ್ನ ಸರಿ ಮಾಡಕ್ಕಾಗುತ್ತಾ?"

"ಸರಿ ಮಾಡೋದಿರಲಿ, ಹೊಲಿದವನನ್ನ ಹುಡುಕಿ ಬುದ್ಧಿ ಹೇಳಬೇಕು. ಕೂತರೆ ಹರಿಯೋ ಪ್ಯಾಂಟು. ಏನು, ಮಿಲಿಟರಿಗೆ ಸೇರಿದ್ರಾ?"

"ಇಲ್ಲಕ್ಕಾ. ಆಟ. ಪೇಂಟ್‌ಬಾಲ್ ಅಂತ. ಬಂದೂಕಿನಲ್ಲಿ ಬಣ್ಣದ ಗುಂಡು ಇರುತ್ತೆ, ತಾಗಿದರೆ ಒಡೆದು ಬಣ್ಣ ಆಗುತ್ತೆ. ತಾಗಿದವರು ಔಟು. ಆದರೆ ನಾವು ಸುಮ್ಮನೆ ಓಡಾಡಿ ಹೊಡೆಯೋದಿಲ್ಲ. ನಿಜವಾದ ಸೈನ್ಯದ ಥರ. ನಕ್ಷೆ, ತುಕಡಿ, ಅಡಗಿ ಕೂರೋದು..." ಹೇಳುತ್ತ ಹೇಳುತ್ತ ಅವನ ದನಿ ಏರಿತು. ಎರಡನೇ ಕೌಂಟರಿನಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಅವರು ಏಳು ಜನ, ತಿಂಗಳಿಗೊಮ್ಮೆ ದೂರದ ಬಾಡಿಗೆ ಮೈದಾನಕ್ಕೆ ಹೋಗುತ್ತಾರಂತೆ. ತಮ್ಮದೇ ಒಂದು ಕ್ಲಬ್ಬು ಮಾಡಬೇಕೆಂದಿದೆ, ಜಾಗ ಇಲ್ಲ, ಹರಿಯದ ಬಟ್ಟೆಯೂ ಇಲ್ಲ.

"ಎಂಥ ಜಾಗದಲ್ಲಿ ಅಡಗಬೇಕು ಅಂತ ಗೊತ್ತಿಲ್ಲದೆ ಬಟ್ಟೆ ಹೇಗೆ ಹೊಲೀಲಿ? ಮೊದಲು ಜಾಗ ತೋರಿಸಿ," ಎಂದಳು ಗುಂಡಿಯಕ್ಕ. ಆಮೇಲೆ ತಾನೇ, "ಕಾಗದದ ಕಾರ್ಖಾನೆ ನೋಡಿದ್ದೀರಾ?" ಎಂದು ಕೇಳಿದಳು.

ಊರ ಹೊರಗೆ ಹೊಳೆಯ ದಂಡೆಯಲ್ಲಿ ಮುಚ್ಚಿಹೋದ ಕಾಗದದ ಕಾರ್ಖಾನೆಯಿತ್ತು. ಕಾಗದದ ತಿರುಳಿಗಾಗಿ ಕಾರ್ಖಾನೆಯವರು ನೆಟ್ಟ ಮರಗಳನ್ನು ಯಾರೂ ಕಡಿಯದೆ ಅವು ಸಾಲು ಸಾಲಾಗಿ ಆಕಾಶಕ್ಕೆ ಬೆಳೆದುಬಿಟ್ಟಿದ್ದವು. ಒಂದು ಭಾನುವಾರ ಬೆಳಿಗ್ಗೆ ಗುಂಡಿಯಕ್ಕ ಬಟ್ಟೆಯ ತುಂಡುಗಳ ಚೀಲ ಹೊತ್ತು ಅಲ್ಲಿಗೆ ಹೋದಳು. ಗೇಟಿನ ಕಾವಲುಗಾರ ಅರವತ್ತರ ಹತ್ತಿರದ ಗಿಡ್ಡ ಮನುಷ್ಯ. ಅವನ ಖಾಕಿ ಅಂಗಿಯನ್ನು ಅವಳೇ ಹೊಲಿದಿದ್ದಳು. ಕಾಲರು ನೋಡಿ ಗುರುತು ಹಿಡಿದಳು, ಮುಖ ನೋಡಿ ಅಲ್ಲ.

"ಅಣ್ಣಾ, ಬಟ್ಟೆ ನೇತು ಹಾಕಿ ನೋಡ್ಕೊಂಡು ಹೋಗ್ತೀನಿ. ಅರ್ಧ ಗಂಟೆ."

ಅವನು ಅವಳ ಚೀಲ ನೋಡಿದ. ಗೇಟು ಸ್ವಲ್ಪ ಸರಿಸಿದ.

ಒಳಗೆ ಬೆಳಕು ಎಲೆಗಳ ನಡುವಿಂದ ಪುಡಿಯಾಗಿ ಉದುರುತ್ತಿತ್ತು. ಅವಳು ಒಂದೊಂದು ತುಂಡನ್ನು ಒಂದೊಂದು ಕಾಂಡಕ್ಕೆ ಪಿನ್ನು ಚುಚ್ಚಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ತಿರುಗಿ ನೋಡಿದಳು. ಹಸಿರು ಎದ್ದು ಕಂಡಿತು. ಕಪ್ಪು ಇನ್ನೂ ಎದ್ದು ಕಂಡಿತು. ಹಳೆಯ ಪರದೆಯೊಂದರ ಬೂದಿ ಬಣ್ಣದ ತುಂಡಿಗೆ ಟೀ ಸೊಪ್ಪಿನ ನೀರು ಚಿಮುಕಿಸಿದ್ದಳು. ಅದು ಮಾತ್ರ ಎಲ್ಲಿದೆ ಎಂದು ಅವಳಿಗೇ ಸಿಗಲಿಲ್ಲ. ತಾನೇ ಚುಚ್ಚಿದ ಬಟ್ಟೆಯನ್ನು ಹುಡುಕುತ್ತ ಮರದಿಂದ ಮರಕ್ಕೆ ಅಲೆದಳು. ಜನ ದೂರದಿಂದಲೇ ಗುರುತು ಹಿಡಿಯಲಿ ಎಂದು ಇಷ್ಟು ವರ್ಷ ಹೊಲಿದದ್ದು. ಈಗ ಇಲ್ಲವಾಗುವ ಬಟ್ಟೆಯೊಂದು ಕೈಯಿಂದ ಹುಟ್ಟಿತ್ತು.

"ಬಟ್ಟೆ ಪರವಾಗಿಲ್ಲ," ಎಂಬ ದನಿ ಬೆನ್ನ ಹಿಂದೆ ಕೇಳಿ ಬೆಚ್ಚಿದಳು. ಕಾವಲುಗಾರ ಮೂರು ಮೊಳದ ದೂರದಲ್ಲಿ ನಿಂತಿದ್ದ. ಬಂದದ್ದೇ ಗೊತ್ತಾಗಿರಲಿಲ್ಲ. "ಆದರೆ ನಿಮ್ಮ ಗುಂಡಿ ಹೊಳೀತಾ ಇದೆ ತಾಯಿ. ಅಷ್ಟು ದೂರದಿಂದ ಕಾಣುತ್ತೆ. ಗುಂಡಿ, ಕನ್ನಡಕ, ಗಡಿಯಾರ. ಮನುಷ್ಯನ್ನ ಹಿಡಿದುಕೊಡೋದು ಇವೇ."

"ನಿಮಗೆ ಹೇಗೆ ಗೊತ್ತಣ್ಣಾ?"

"ಹದಿನೆಂಟು ವರ್ಷ ಅದೇ ಕೆಲಸ," ಎಂದ. ಗೇಟಿನ ಕಡೆಗೆ ತಿರುಗಿದ.

ಆ ವಾರ ಗುಂಡಿಯಕ್ಕ ಮೂರು ಕೆಲಸ ಮಾಡಿದಳು. ಏಳು ಜೊತೆ ಬಟ್ಟೆಗೆ ತೊಡೆಯ ಸಂದಿಯಲ್ಲಿ ವಜ್ರಾಕಾರದ ಪಟ್ಟಿ ಕೊಟ್ಟು, ಎರಡೆರಡು ಹೊಲಿಗೆ ಹಾಕಿ, ಬಟ್ಟೆಯನ್ನೇ ಸುತ್ತಿದ ಗುಂಡಿ ಇಟ್ಟು ಹೊಲಿದಳು. ಕಾರ್ಖಾನೆಯ ಒಡೆಯರ ವಕೀಲರಿಗೆ ಭಾನುವಾರಗಳ ಮಟ್ಟಿಗೆ ಮರಗಳ ಜಾಗ ಕೇಳಿ ಪತ್ರ ಬರೆದಳು. ಮೂರನೆಯದಾಗಿ ಗಂಡನಿಗೆ ವಿಷಯ ಹೇಳಿದಳು. ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕಿಂಡಿಯಲ್ಲಿ ತಲೆ ತೂರಿಸಿ, ಇಡೀ ಬೀದಿಗೆ ಕೇಳುವಂತೆ ಕೂಗಿದ: "ಕೇಳಿದ್ರಾ! ಇಷ್ಟು ವರ್ಷ ಗುಂಡಿ ಹಾಕ್ತಿದ್ದೋಳು ಇನ್ನು ಮೇಲೆ ಗುಂಡು ಹಾಕ್ತಾಳಂತೆ!"

ಎದುರು ಅಂಗಡಿಯವರು ಇದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡರು. ಪಾಪ, ಈ ವಯಸ್ಸಿನಲ್ಲಿ ಕುಡಿತ ಶುರು ಮಾಡಿದಳಲ್ಲ ಎಂದು ಒಂದು ವಾರ ಮರುಗಿದರು. ಕೊನೆಗೆ ಔಷಧದಂಗಡಿಯ ಹೆಂಗಸು ಬಂದು ಕೈ ಹಿಡಿದು, "ಬಿಡಿಸೋಕೆ ಮಾತ್ರೆ ಇದೆ ಅಕ್ಕಾ," ಎಂದಾಗಲೇ ಸಂಗತಿ ಬಯಲಾದದ್ದು. ನಿಜ ಕೇಳಿ ಆಕೆ ಹೊಟ್ಟೆ ಹಿಡಿದು ನಕ್ಕಳು, ನಕ್ಕು ಮುಗಿದ ಮೇಲೆ, "ನಾನೂ ಬರಲಾ?" ಎಂದು ಕೇಳಿದಳು. ಮುಂದೆ ಆಕೆಯಷ್ಟು ಗುರಿಯಿಟ್ಟು ಹೊಡೆಯುವವರು ಕ್ಲಬ್ಬಿನಲ್ಲಿ ಇನ್ನೊಬ್ಬರಿರಲಿಲ್ಲ.

ವಕೀಲರಿಂದ ಒಪ್ಪಿಗೆ ಬಂತು. ಮೊದಲ ಆಟ ಆಟವಾಗಲಿಲ್ಲ, ರಂಪವಾಯಿತು. ಹನ್ನೊಂದು ಜನ ಸೇರಿದ್ದರು. ಐದು ನಿಮಿಷಕ್ಕೆ ಗುಂಡುಗಳೆಲ್ಲ ಖಾಲಿ. ಎದೆಯ ತುಂಬ ಕಿತ್ತಳೆ ಬಣ್ಣ ಮೆತ್ತಿಕೊಂಡು ನಿಂತ ಶಾಲೆಯ ಮೇಷ್ಟ್ರೊಬ್ಬರು, "ನನಗೆ ತಾಗೇ ಇಲ್ಲ, ಇದು ಬೆಳಗಿನದು," ಎಂದು ವಾದಿಸಿದರು. ಹೊಲಿಗೆ ಹೇಗೆ ತಡೆಯುತ್ತದೆ ಎಂದಷ್ಟೇ ನೋಡಲು ಬಂದಿದ್ದ ಗುಂಡಿಯಕ್ಕ ನಡುವೆ ನುಗ್ಗಿ ಎರಡು ಚಪ್ಪಾಳೆ ಹೊಡೆದಳು. ಗಿರಾಕಿಗಳ ಗಲಾಟೆ ಅಡಗಿಸುವ ಅದೇ ಚಪ್ಪಾಳೆ.

"ಸಾಯೋಕೆ ಗೊತ್ತಿಲ್ಲದೋರು ಯುದ್ಧಕ್ಕೆ ಯಾಕ್ ಬಂದ್ರಿ? ಮೇಷ್ಟ್ರೇ, ಮಕ್ಕಳಿಗೆ ಇದನ್ನೇ ಹೇಳಿಕೊಡ್ತೀರಾ? ಹೋಗಿ ಅಲ್ಲಿ ಕೂತ್ಕೊಳ್ಳಿ."

ಮೇಷ್ಟ್ರು ಹೋಗಿ ಕುಳಿತರು. ಅವರು ಕುಳಿತ ಮರದ ದಿಮ್ಮಿಗೆ 'ಸತ್ತವರ ಬೆಂಚು' ಎಂದು ಹೆಸರಾಯಿತು. ಗುಂಡಿಯಕ್ಕ ಕಾರ್ಯದರ್ಶಿಯಾದಳು. ಯಾರೂ ಆರಿಸಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ನಿಯಮಗಳು ಹುಟ್ಟಿದವು: ಸೀಟಿ ಊದುವ ತನಕ ಮುಖದ ಮಾಸ್ಕು ತೆಗೆಯುವ ಹಾಗಿಲ್ಲ. ಹತ್ತು ಹೆಜ್ಜೆಗಿಂತ ಹತ್ತಿರ ಬಂದರೆ ಹೊಡೆಯುವ ಹಾಗಿಲ್ಲ, ಬಾಯಲ್ಲಿ ಹೇಳಬೇಕು. ತಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ತಾಗಿದೆ. ಹೊಳೆ ದಂಡೆಯಲ್ಲಿ ನಡೆಯಲು ಬಂದ ಯಾರೋ ಬಂದೂಕಿನವರನ್ನು ನೋಡಿ ಹೆದರಿ ದೂರು ಕೊಟ್ಟಾಗ ಠಾಣೆಯಿಂದ ಜೀಪು ಬಂತು. ಇಳಿದ ಅಧಿಕಾರಿಯ ಸಮವಸ್ತ್ರವೂ ಗುಂಡಿಯಕ್ಕನ ಕೈಯದೇ. ಅವರು ಒಂದು ಗುಂಡನ್ನು ಬೆರಳಲ್ಲಿ ಹಿಚುಕಿ, ಅಂಗೈಗೆ ಮೆತ್ತಿದ ಬಣ್ಣ ನೋಡಿ, "ಅಕ್ಕಾ, ದಾರಿಯಲ್ಲೊಂದು ಬೋರ್ಡು ಹಾಕಿ. ಪ್ರತಿ ವಾರ ನಮಗೊಂದು ಮಾತು ಹೇಳಿ," ಎಂದು ಕೈ ಒರೆಸಿಕೊಂಡು ಹೋದರು. ಬಟ್ಟೆಗೆ ಮೆತ್ತಿದ ಬಣ್ಣವೆಲ್ಲ ಲಾಂಡ್ರಿಗೆ ಬರುತ್ತಿತ್ತು. ಬರೀ ನೀರಲ್ಲಿ ಹೋಗುತ್ತದೆ ಎಂದು ಗೊತ್ತಿದ್ದರೂ ಗಂಡ ಪ್ರತಿ ಸೋಮವಾರ ಆಕಾಶವೇ ಕಳಚಿಬಿದ್ದಂತೆ ಗೊಣಗುತ್ತಿದ್ದ. ಯಾರ ಬೆನ್ನಿಗೆ ಬಿದ್ದಿದೆ, ಯಾರ ಎದೆಗೆ ಬಿದ್ದಿದೆ ಎಂದು ನೋಡಿ ಯಾರು ಓಡಿದರು, ಯಾರು ನಿಂತರು ಎಂಬುದನ್ನು ಮಾತ್ರ ಬಾಯಿ ಚಪ್ಪರಿಸಿ ವರ್ಣಿಸುತ್ತಿದ್ದ.

ಗುಂಡಿಯಕ್ಕ ಬಂದೂಕು ಹಿಡಿದದ್ದು ನಾಲ್ಕನೇ ವಾರ. ಹೊಡೆದದ್ದು ಕಡಿಮೆ. ಅವಳಿಗೆ ರುಚಿಸಿದ್ದು ಅಡಗಿ ಮಲಗುವುದು. ಮರಗಳ ನಡುವಿನ ತಗ್ಗಿನಲ್ಲಿ ಒಣಗೆಲೆ ಮೇಲೆಳೆದುಕೊಂಡು ಹೊಟ್ಟೆಯ ಮೇಲೆ ಮಲಗಿದರೆ ಮೊದಲು ತನ್ನ ಉಸಿರೇ ದೊಡ್ಡದಾಗಿ ಕೇಳುತ್ತಿತ್ತು. ಆಮೇಲೆ ಅದು ಸಣ್ಣದಾಗಿ, ಇರುವೆ ನಡೆಯುವುದು ಕಾಣುತ್ತಿತ್ತು. ಆಮೇಲೆ ಮಣ್ಣಿನ ತಂಪು ಮೊಣಕೈಯಿಂದ ಹತ್ತಿ ಎದೆಗೆ ಬರುತ್ತಿತ್ತು. ಮೇಲೆ ಎತ್ತರದಲ್ಲಿ ಗಾಳಿ ಯಾರದೋ ಬಟ್ಟೆ ಕೊಡವಿದಂತೆ ಸದ್ದು ಮಾಡುತ್ತಿತ್ತು. ನಲವತ್ತು ನಿಮಿಷ ಯಾರೂ ಅಕ್ಕಾ ಎನ್ನುತ್ತಿರಲಿಲ್ಲ. ಎಲ್ಲರೂ ಅವಳನ್ನು ಹುಡುಕುತ್ತಿದ್ದರು, ಯಾರಿಗೂ ಅವಳು ಬೇಕಾಗಿರಲಿಲ್ಲ. ಒಮ್ಮೊಮ್ಮೆ ಎಚ್ಚರವೋ ನಿದ್ದೆಯೋ ತಿಳಿಯದೆ ಮರದ ಬೇರುಗಳು ತನ್ನ ಬೆರಳುಗಳಂತೆ, ತಾನು ಹೊಲಿದ ಅಂಗಿಗಳೆಲ್ಲ ಆ ಸಾಲುಗಳ ನಡುವೆ ಖಾಲಿಯಾಗಿ ನಡೆದು ಹೋದಂತೆ ಅನಿಸುತ್ತಿತ್ತು. ಔಷಧದಂಗಡಿಯವಳ ಗುಂಡು ಬೆನ್ನಿಗೆ ತಾಗಿ 'ಟಪ್' ಎಂದಾಗ ಅವಳಿಗೆ ಬೇಜಾರಾಗುತ್ತಿದ್ದದ್ದು ಸೋತದ್ದಕ್ಕಲ್ಲ, ಏಳಬೇಕಲ್ಲ ಎಂದು.

ಕಾವಲುಗಾರನನ್ನು ಅಂಪೈರ್ ಮಾಡಿದ್ದು ಅವಳೇ. "ಬಂದೂಕು ಮಾತ್ರ ನನ್ನ ಕೈಗೆ ಕೊಡಬೇಡಿ," ಎಂದು ಅವನು ಒಪ್ಪಿದ್ದ. ಹೆಜ್ಜೆಯ ಹೊರ ಅಂಚು ಮೊದಲು ಊರಬೇಕು, ಕೊಂಬೆ ಮುರಿದರೆ ನೂರು ಎಣಿಸುವ ತನಕ ಅಲ್ಲಾಡಬಾರದು ಎಂದು ಕಲಿಸಿದ. ಕೈಸನ್ನೆಗಳನ್ನು ಕಲಿಸಿದ: ಮುಷ್ಟಿ ಎತ್ತಿದರೆ ಇದ್ದಲ್ಲೇ ನಿಲ್ಲು. ಅಂಗೈ ನೆಲಕ್ಕೆ ತಗ್ಗಿಸಿದರೆ ಸದ್ದು ಬೇಡ. ಎರಡು ವರ್ಷ ಕಳೆಯುವಷ್ಟರಲ್ಲಿ ಸದಸ್ಯರು ಇಪ್ಪತ್ತೆರಡಾದರು.

ಆಗಲೇ ಗುಮಾಸ್ತನಿಗೆ ಇನ್ನಷ್ಟು ನಿಜ ಬೇಕೆನಿಸಿದ್ದು. ಒಂದು ಭಾನುವಾರ ಯಾರಿಗೂ ಹೇಳದೆ ಎರಡು ದೊಡ್ಡ ಸ್ಪೀಕರುಗಳನ್ನು ಪೊದೆಯಲ್ಲಿಟ್ಟು, ಆಟದ ನಡುವೆ ಬಾಂಬು ಸಿಡಿಯುವ, ಜನ ಕಿರುಚುವ ಸದ್ದು ಹಾಕಿದ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಕಾವಲುಗಾರ ಮರಕ್ಕೆ ಬೆನ್ನು ಕೊಟ್ಟು ಒಂದು ಗಳಿಗೆ ನಿಂತ. ಆಮೇಲೆ ಸೀಟಿಯನ್ನು ಕೊರಳಿಂದ ತೆಗೆದು ಸತ್ತವರ ಬೆಂಚಿನ ಮೇಲಿಟ್ಟು ಹೊರಟುಹೋದ. ಮುಂದಿನ ಭಾನುವಾರ ಗೇಟಿಗೆ ಬೀಗ. ಅದರ ಮುಂದಿನ ಭಾನುವಾರವೂ ಬೀಗ.

ಗುಂಡಿಯಕ್ಕ ಅವನ ಕೋಣೆಗೆ ಹೋದಳು. ಗೇಟಿನ ಪಕ್ಕದ, ಹಿಂದೆ ಲಾರಿ ತೂಕ ಮಾಡುತ್ತಿದ್ದ ಕೋಣೆ. ಒಂದು ಕಬ್ಬಿಣದ ಮಂಚ, ನೀಟಾಗಿ ಮಡಿಸಿದ ಕಂಬಳಿ, ಗೋಡೆಗೆ ಒಂದೇ ಮೊಳೆ, ಮೊಳೆಗೆ ಒಂದೇ ಅಂಗಿ. ಕುರ್ಚಿ ಬಾಗಿಲಿಗೆ ಮುಖ ಮಾಡಿತ್ತು.

"ಬಯ್ಯೋಕೆ ಬಂದ್ರಾ ತಾಯಿ?"

"ಅಂಗಿ ತೋಳು ಹರಿದಿತ್ತಲ್ಲ, ಹೊಲಿದುಕೊಡೋಣ ಅಂತ ಬಂದೆ," ಎಂದು ಸೂಜಿ ದಾರ ತೆಗೆದಳು. ಅವನು ಮೊಳೆಯಿಂದ ಅಂಗಿ ತೆಗೆದು ಕೊಟ್ಟ.

"ಸದ್ದಿಗೆ ನಾನು ಹೆದರಲ್ಲ. ಸದ್ದು ನಿಂತ ಮೇಲೆ ಇದೆಯಲ್ಲ, ಅದು ಕಷ್ಟ. ಮುಂದಿನದಕ್ಕೆ ಕಿವಿ ಕಾಯ್ತಾ ಕೂರುತ್ತೆ. ಹನ್ನೆರಡು ವರ್ಷ ಆಯ್ತು, ಇನ್ನೂ ಕಾಯ್ತಾನೇ ಇದೆ. ಪಕ್ಕದಲ್ಲಿ ಯಾರಾದ್ರೂ ಇದ್ದರೆ ನನಗೆ ಕಣ್ಣು ಮುಚ್ಚೋಕಾಗಲ್ಲ. ತಂಗಿ ಮನೇಲಿ ಇರೋಕೆ ಹೋಗಿ ವಾಪಸ್ ಬಂದಿದ್ದು ಅದಕ್ಕೇ. ಕಾವಲುಗಾರನಿಗೆ ನಿದ್ದೆ ಬರದಿದ್ದರೆ ಯಾರೂ ಏನೂ ಅನ್ನಲ್ಲ ನೋಡಿ." ಅವನು ಸ್ವಲ್ಪ ನಕ್ಕ. "ನಿಮ್ಮ ಆಟದಲ್ಲಿ ನನಗೆ ಹಿಡಿಸಿದ್ದು ಒಂದೇ. ಸತ್ತವರು ಬೆಂಚಿನ ಮೇಲೆ ಕೂತು ಹರಟೆ ಹೊಡೀತಾರೆ."

ಗುಂಡಿಯಕ್ಕ ಗಂಟು ಹಾಕಿ ದಾರ ಕಡಿದಳು. ಅಂಗಿಯನ್ನು ಮೊಳೆಗೆ ಸಿಕ್ಕಿಸಿ ಎದ್ದಳು.

ಗುಮಾಸ್ತ ವಿಷಯ ತಿಳಿದಾಗ ಮೊದಲು ಸಿಟ್ಟಾದ. "ಮತ್ತೆ ನಿಜವಾದ ಸೈನ್ಯದ ಥರ ಅಂತ ಯಾಕೆ ಅನ್ನಬೇಕು?" ಎಂದ. ಮಾರನೇ ದಿನ ಬ್ಯಾಂಕು ಮುಗಿಸಿ ಒಬ್ಬನೇ ಸೈಕಲ್ಲು ತುಳಿದು ಗೇಟಿಗೆ ಹೋದ. ಅಲ್ಲಿ ಏನಾಯಿತೆಂದು ಇಬ್ಬರೂ ಹೇಳಲಿಲ್ಲ. ಸ್ಪೀಕರುಗಳನ್ನು ಮಾತ್ರ ಮೇಷ್ಟ್ರ ಶಾಲೆಗೆ ಕೊಟ್ಟುಬಿಟ್ಟ. ಬೀಗ ತೆರೆಯಿತು.

ಆಮೇಲಿನ ವರ್ಷ ಬೇರೆ ಊರಿನ ಕ್ಲಬ್ಬೊಂದು ಪಂದ್ಯಕ್ಕೆ ಬಂತು. ಹದಿನೆಂಟು ಜನ, ಗಟ್ಟಿಮುಟ್ಟಾದವರು. ಅವರ ನಾಯಕಿ ಕಟ್ಟಡದ ಮೇಸ್ತ್ರಿ, ಆಕೆಯ ದನಿ ಮೂರನೇ ಮಹಡಿಗೆ ಕೇಳುವಂಥದ್ದು. ಮರಗಳ ನಡುವಿನ ಹಳೆಯ ನೀರಿನ ತೊಟ್ಟಿಯನ್ನು ಗುಂಡಿಯಕ್ಕನ ಕಡೆಯವರು ಸಂಜೆಯವರೆಗೆ ಕಾಯಬೇಕು, ಬಂದವರು ಅದನ್ನು ಗೆದ್ದುಕೊಳ್ಳಬೇಕು. ಊಟವಾದ ಮೇಲೆ ಕಾವಲುಗಾರ ಸೀಟಿ ಊದಿದ.

ಬಿಸಿಲು ಮೆತ್ತಗಿತ್ತು. ಒಂದು ಗಂಟೆಯಲ್ಲಿ ಎರಡೂ ಕಡೆಯ ಒಂಬತ್ತು ಜನ ಬೆಂಚು ಸೇರಿದರು. ಗುಂಡಿಯಕ್ಕ ತೊಟ್ಟಿಯ ಬಲಕ್ಕೆ, ತೆವಳುತ್ತ ಮರದ ಸಾಲೊಂದನ್ನು ದಾಟುತ್ತಿದ್ದಾಗ ಕಾವಲುಗಾರ ಕಂಡ. ಮರಕ್ಕೊರಗಿ, ಕಾಲು ಚಾಚಿ ಕುಳಿತಿದ್ದ. ತಲೆ ಒಂದು ಕಡೆಗೆ ವಾಲಿತ್ತು. ಕೈ ಎಲೆಗಳ ಮೇಲೆ ಮೇಲ್ಮುಖವಾಗಿ ಬಿದ್ದಿತ್ತು.

ಆಟ ಮರೆತು, ಆದರೂ ಕಲಿತದ್ದನ್ನು ಮರೆಯದ ಹೆಜ್ಜೆಗಳಲ್ಲಿ, ಹತ್ತಿರ ಹೋದಳು. ಅಂಗಿಯ ಜೇಬಿನ ಮೇಲಿನ ಹೊಲಿಗೆಯನ್ನೇ ನೋಡುತ್ತ ನಿಂತಳು. ಅದು ಏರಿತು. ಇಳಿಯಿತು. ಮತ್ತೆ ಏರಿತು. ಆಮೇಲೆ ಸಣ್ಣದೊಂದು ಗೊರಕೆ ಬಂತು.

ಗುಂಡಿಯಕ್ಕ ಎಲ್ಲರಿಗೂ ಕಾಣುವಂತೆ ಬಯಲಿಗೆ ಬಂದು, ಮುಷ್ಟಿಯನ್ನು ಮೇಲೆತ್ತಿದಳು.

ಎಡಗಡೆ ಔಷಧದಂಗಡಿಯವಳು ನೋಡಿ ಮುಷ್ಟಿ ಎತ್ತಿದಳು. ಆಕೆಯನ್ನು ನೋಡಿ ಮೇಷ್ಟ್ರು, ಮೇಷ್ಟ್ರನ್ನು ನೋಡಿ ಗುಮಾಸ್ತ. ಮರದಿಂದ ಮರಕ್ಕೆ ಮುಷ್ಟಿಗಳು ಎದ್ದುಕೊಂಡು ಹೋದವು. ಎದುರಾಳಿಗಳು ಇದೇನು ಹೊಸ ಉಪಾಯ ಎಂದು ಬಂದೂಕು ಗುರಿಯಿಟ್ಟರು. ಮೇಸ್ತ್ರಿ ಪೊದೆಯಿಂದೆದ್ದು, ಕೂಗಲು ಎದೆ ತುಂಬ ಉಸಿರು ಎಳೆದುಕೊಂಡಳು. ಗುಂಡಿಯಕ್ಕ ಅಂಗೈಯನ್ನು ನೆಲಕ್ಕೆ ತಗ್ಗಿಸಿ, ಇನ್ನೊಂದು ಕೈಯಿಂದ ಮರದ ಬುಡ ತೋರಿಸಿದಳು. ಮೇಸ್ತ್ರಿ ನೋಡಿದಳು. ಎಳೆದುಕೊಂಡ ಉಸಿರನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಟ್ಟಳು. ಏನೂ ಕೇಳದೆ ಇದ್ದಲ್ಲೇ ಕುಳಿತು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡಳು.

ಸೀಟಿ ಊದುವವನೇ ಮಲಗಿದ್ದರಿಂದ ಆಟ ಮುಗಿದಿರಲಿಲ್ಲ. ಆದ್ದರಿಂದ ಯಾರೂ ಮಾಸ್ಕು ತೆಗೆಯಲಿಲ್ಲ, ಯಾರೂ ಹೋಗಲಿಲ್ಲ. ನಲವತ್ತು ಜನ, ಬದುಕಿದವರೂ ಸತ್ತವರೂ, ಆ ಸಾಲು ಮರಗಳ ನಡುವೆ ಇದ್ದ ಇದ್ದ ಹಾಗೆಯೇ ಉಳಿದರು. ನೆರಳುಗಳು ಒಂದು ಕಾಂಡದಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿದವು. ಹೊಳೆಯ ಕಡೆಯಿಂದ ನೀರಿನ ವಾಸನೆ ಬಂತು. ಒಂದು ಅಳಿಲು ಗುಮಾಸ್ತನ ಬೂಟಿನ ಮೇಲೆ ಕುಳಿತು ಏನನ್ನೋ ತಿಂದು ಮುಗಿಸಿತು. ಮೇಷ್ಟ್ರಿಗೆ ಸೀನು ಬಂದು, ಅದನ್ನು ತೋಳಿನಲ್ಲಿ ಹುಗಿದು, ಕಣ್ಣಲ್ಲಿ ನೀರು ತಂದುಕೊಂಡು ನುಂಗಿದರು. ಗುಂಡಿಯಕ್ಕ ಕಾವಲುಗಾರನಿಂದ ಎಂಟು ಹೆಜ್ಜೆ ದೂರದಲ್ಲಿ ಮಂಡಿ ಮಡಿಸಿ ಕುಳಿತಿದ್ದಳು. ಮಾಸ್ಕಿನ ಗಾಜಿನ ಮೇಲೆ ತನ್ನ ಉಸಿರು ಮಂಜಾಗಿ ಕೂರುತ್ತಿತ್ತು, ಕರಗುತ್ತಿತ್ತು. ಮಂಜು ಕೂತಾಗ ಮರಗಳೂ ಜನರೂ ಒಂದೇ ಬಣ್ಣವಾಗುತ್ತಿದ್ದರು, ಕರಗಿದಾಗ ಬೇರೆಯಾಗುತ್ತಿದ್ದರು. ತಾನು ಹೊಲಿದ ಬಟ್ಟೆಯೊಳಗಿನ ಇಷ್ಟು ಮೈಗಳು ಒಂದೇ ತಾಳದಲ್ಲಿ ಉಸಿರಾಡುತ್ತಿವೆ ಎಂದು ಅವಳಿಗನಿಸಿತು. ನಿಜವೋ ಅಲ್ಲವೋ, ಪರೀಕ್ಷೆ ಮಾಡಲು ಮನಸ್ಸಾಗಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಆದ ಮೇಲೆ ಅವನು ಕಣ್ಣು ತೆರೆದ.

ಮೊದಲು ಮೇಲೆ ಎಲೆಗಳನ್ನು ನೋಡಿದ. ಆಮೇಲೆ ಸುತ್ತಲೂ ನೋಡಿದ. ನಲವತ್ತು ಮಾಸ್ಕುಗಳು ಅವನನ್ನೇ ನೋಡುತ್ತಿದ್ದವು. ಬೆಚ್ಚಿ ಎದ್ದು ನಿಲ್ಲುತ್ತಾನೆ ಎಂದು ಗುಂಡಿಯಕ್ಕ ಹೆದರಿದ್ದಳು. ಅವನು ಹಾಗೆ ಮಾಡಲಿಲ್ಲ. ಅಂಗೈಯಿಂದ ಮುಖ ಉಜ್ಜಿಕೊಂಡ.

"ಆಟ ಮುಗೀತಾ?"

"ಇಲ್ಲಣ್ಣಾ. ನೀವು ಸೀಟಿ ಊದಿಲ್ಲವಲ್ಲ."

"ಎಷ್ಟು ಹೊತ್ತು...?"

"ಸ್ವಲ್ಪ ಹೊತ್ತು," ಎಂದಳು ಮೇಸ್ತ್ರಿ. ಅಷ್ಟು ಮೆಲ್ಲಗೆ ತಮ್ಮ ನಾಯಕಿ ಮಾತಾಡಿದ್ದನ್ನು ಅವಳ ಕಡೆಯವರು ಆವರೆಗೆ ಕೇಳಿರಲಿಲ್ಲವಂತೆ.

ಕಾವಲುಗಾರ ಎದ್ದು ಪ್ಯಾಂಟಿನ ಎಲೆ ಕೊಡವಿಕೊಂಡ. ಸೀಟಿಯನ್ನು ಬಾಯಿಗಿಟ್ಟು ತುಸು ಹೊತ್ತು ಊದದೆ ನಿಂತ. ಆಮೇಲೆ ಊದಿದ. ಕಾಲಲ್ಲಿ ಜೋಮು ಹಿಡಿದಿದ್ದ ನಲವತ್ತು ಜನ ಒಮ್ಮೆಲೇ ಏಳಲು ಹೋಗಿ ಅರ್ಧಕ್ಕರ್ಧ ಬಿದ್ದರು. ಅಷ್ಟು ನಗು ಆ ಮರಗಳು ಕೇಳಿರಲಾರವು. ತೊಟ್ಟಿ ಯಾರ ಪಾಲಾಯಿತು ಎಂಬುದು ಕ್ಲಬ್ಬಿನ ಪುಸ್ತಕದಲ್ಲಿ ಬರೆದಿಲ್ಲ.

ಮುಂದಿನ ಭಾನುವಾರ ಆಟ ಮುಗಿದ ಮೇಲೆ ಅವನು ಸತ್ತವರ ಬೆಂಚಿನ ಮೇಲೆ, ಮೇಷ್ಟ್ರು ಮತ್ತು ಔಷಧದಂಗಡಿಯವಳು ಜಗಳವಾಡುತ್ತಿದ್ದ ಮಧ್ಯದಲ್ಲೇ ಹತ್ತು ನಿಮಿಷ ನಿದ್ದೆ ಹೋದ. ಅದರ ಮುಂದಿನ ವಾರ ಅವನು ಆಟಕ್ಕೆ ಬರಲಿಲ್ಲ, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತಂತೆ. ಹೀಗೆ ನಿದ್ದೆ ಬಂತು, ಹೋಯಿತು. ಆದರೂ ಆ ಚಳಿಗಾಲದ ಕೊನೆಗೆ ತಂಗಿಯ ಮನೆಗೆ ಒಂದು ವಾರ ಹೋಗಿ ಬಂದ. ಮರುವರ್ಷ ಅಲ್ಲೇ ಉಳಿದುಬಿಟ್ಟ. ಗೇಟಿಗೆ ಬೇರೆ ಕಾವಲುಗಾರ ಬಂದ, ಸೀಟಿ ಗುಮಾಸ್ತನ ಕೊರಳಿಗೆ ಬಂತು. ಬ್ಯಾಂಕಿನಲ್ಲಿ ಅವನ ಮಾತು ಈಗ ಗಾಜಿನ ಈಚೆಗೂ ಕೇಳುತ್ತದೆ.

ಗುಂಡಿಯಕ್ಕನಿಗೆ ಅರವತ್ತಾಗುತ್ತ ಬಂದಿದೆ. ಮಂಡಿ ನೋಯುವುದರಿಂದ ತೆವಳುವುದು ಬಿಟ್ಟಿದ್ದಾಳೆ, ಅಡಗುವುದು ಬಿಟ್ಟಿಲ್ಲ. ಅವಳು ಮಲಗಿದ ಜಾಗ ಹುಡುಕಿಕೊಟ್ಟವರಿಗೆ ಲಾಂಡ್ರಿಯಲ್ಲಿ ಒಂದು ತಿಂಗಳು ಪುಕ್ಕಟೆ ಇಸ್ತ್ರಿ ಎಂದು ಗಂಡ ಸಾರಿದ್ದಾನೆ. ಈವರೆಗೆ ಔಷಧದಂಗಡಿಯವಳು ಎರಡು ಸಲ ಗೆದ್ದಿದ್ದಾಳೆ. ಕಳೆದ ತಿಂಗಳು ಅವನೇ ಮಾಸ್ಕು ಹಾಕಿಕೊಂಡು ಹುಡುಕಲು ಬಂದ. ಸಾಲುಗಳ ನಡುವೆ "ಲೇ ಇವಳೇ, ಎಲ್ಲಿದ್ದೀಯೇ?" ಎಂದು ಕೂಗುತ್ತ, ಅವಳಿಂದ ಎರಡು ಮಾರು ದೂರದಲ್ಲಿ ದಾಟಿಹೋದ. ಅವಳು ಗುರಿಯಿಡಲಿಲ್ಲ. ಎಲೆಗಳ ಕೆಳಗೆ ತುಟಿ ಕಚ್ಚಿ ನಗುತ್ತ, ಅವನ ದನಿ ಹೊಳೆಯ ಕಡೆಗೆ ಸಣ್ಣಗಾಗುತ್ತ ಹೋಗುವುದನ್ನು ಕೇಳಿಸಿಕೊಂಡು ಮಲಗಿದ್ದಳು.